ನೋಡದ ಮಕ್ಕಳ ವರದಿಗೆ ನನ್ನ ಸಹಿ

ಯಲಹಂಕದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನಾಲ್ಕು ವರ್ಷ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಹಾಗೆನ್ನುವುದೂ ಪೂರ್ತಿ ನಿಜವಲ್ಲ. ಹನ್ನೊಂದು ತಿಂಗಳು ಆಗಿರುತ್ತಿದ್ದೆ, ಆಮೇಲೆ ಒಂದು ದಿನ ಆಗಿರುತ್ತಿರಲಿಲ್ಲ, ಮರುದಿನ ಮತ್ತೆ ಆಗುತ್ತಿದ್ದೆ. ಗುತ್ತಿಗೆಯವರು ಕಾಯಂ ಮಾಡಿ ಎಂದು ಕೇಳಬಾರದಲ್ಲ, ಅದಕ್ಕೆ ಆ ಒಂದು ದಿನದ ಬಿಡುವು. ಅವತ್ತು ರೋಗಿಗಳ ಮನಸ್ಸೂ ರಜೆ ಹಾಕುತ್ತದೆಂದು ಇಲಾಖೆ ನಂಬಿತ್ತೋ ಏನೋ.

ಎಂ.ಎ. ಮುಗಿಸಿ, ಮತ್ತೆರಡು ವರ್ಷ ವಾರ್ಡುಗಳಲ್ಲೇ ಕಲಿತು ಎಂ.ಫಿಲ್. ಮಾಡಿದವಳು ನಾನು. ಅದಿದ್ದರೆ ಪರವಾನಗಿ, ಪರವಾನಗಿಯಿದ್ದರೆ ಮಾತ್ರ ಮಕ್ಕಳ ಬುದ್ಧಿಮತ್ತೆ ಅಳೆದು ವರದಿಗೆ ಸಹಿ ಹಾಕಬಹುದು. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಆಡಳಿತ ವೈದ್ಯಾಧಿಕಾರಿಗಳಿಗೆ ನಾನು ಕೊನೆಯವರೆಗೂ "ಕೌನ್ಸೆಲಿಂಗ್ ಮೇಡಂ" ಮಾತ್ರ.

ಗುತ್ತಿಗೆ ಮುಂದುವರಿಸಲು ಐದನೇ ಸಲ ಸಂದರ್ಶನಕ್ಕೆ ಹೋದಾಗ ಎದುರಿಗೆ ಮೂವರು ಕೂತಿದ್ದರು: ಆ ವೈದ್ಯಾಧಿಕಾರಿ, ಒಬ್ಬ ಕಣ್ಣಿನ ಡಾಕ್ಟರು, ಕಚೇರಿಯ ಸೂಪರಿಂಟೆಂಡೆಂಟು. ನನ್ನ ವಿಷಯ ಓದಿದವರು ಒಬ್ಬರೂ ಇಲ್ಲ.

"ನಾನೀಗ ಏನ್ ಯೋಚ್ನೆ ಮಾಡ್ತಿದೀನಿ, ಹೇಳಿ ನೋಡೋಣ" ಎಂದರು ಕಣ್ಣಿನ ಡಾಕ್ಟರು.

"ಗೊತ್ತಾಗಲ್ಲ ಸರ್."

"ಮತ್ತೆ ಅಷ್ಟ್ ವರ್ಷ ಏನ್ ಓದಿದ್ರಿ?"

ಮೂವರೂ ಮನಸಾರೆ ನಕ್ಕರು. ಕೆಲಸ ಬೇರೊಬ್ಬರಿಗೆ ಹೋಯಿತು. ಅವರು ಆರು ಭಾನುವಾರಗಳ ಕೌನ್ಸೆಲಿಂಗ್ ಕೋರ್ಸು ಮುಗಿಸಿ, ಚಿನ್ನದ ಬಣ್ಣದ ಮುದ್ರೆಯಿದ್ದ ಡಿಪ್ಲೊಮಾ ತಂದಿದ್ದರು. ಕಾರಣ ಕೇಳಿದ್ದಕ್ಕೆ ಸೂಪರಿಂಟೆಂಡೆಂಟು ನನ್ನ ಮೇಲೇ ಕನಿಕರಪಟ್ಟರು. "ಎಂ.ಫಿಲ್. ಅಂದ್ರೆ ಕಾಲೇಜಲ್ಲಿ ಪಾಠ ಮಾಡೋಕಲ್ವಾ ಮೇಡಂ? ನೀವ್ಯಾಕೆ ಆಸ್ಪತ್ರೆಗೆ ಬಂದ್ರಿ?"

ನಾನು ಆರ್.ಟಿ. ನಗರದ ಒಂದು ಸಣ್ಣ ಖಾಸಗಿ ಕ್ಲಿನಿಕ್ ಸೇರಿದೆ. ಎರಡು ತಿಂಗಳಾಗುವಷ್ಟರಲ್ಲಿ ವೈದ್ಯಾಧಿಕಾರಿಗಳ ಫೋನು ಬಂತು.

"ಒಂದ್ ಸಣ್ಣ ಹೆಲ್ಪ್ ಮೇಡಂ. ಅಂಗವಿಕಲರ ಸರ್ಟಿಫಿಕೇಟಿಗೆ ಮಕ್ಕಳ ರಿಪೋರ್ಟ್‌ಗಳೆಲ್ಲಾ ರೆಡಿ ಇವೆ. ಹೊಸಬ್ರ ಸೈನ್ ನಡೆಯಲ್ಲವಂತೆ. ನೀವು ಬಂದು ಸೀಲ್ ಹಾಕಿ, ಸೈನ್ ಮಾಡ್ಬಿಡಿ, ಸಾಕು."

ಹುದ್ದೆಗೆ ಬೇಡವಾದ ನನ್ನ ವಿದ್ಯೆ ಮುದ್ರೆಗೆ ಬೇಕಾಗಿತ್ತು.

"ಮಕ್ಕಳನ್ನ ನೋಡ್ದೆ ಸೈನ್ ಹಾಕಲ್ಲ ಸರ್."

"ಅವರು ನೋಡಿ ಆಗಿದೆ. ನೀವ್ಯಾಕೆ ಸುಮ್ನೆ ಕಷ್ಟ ತಗೋತೀರಾ?"

ಫೋನ್ ಇಟ್ಟುಬಿಡಬಹುದಿತ್ತು. ಆದರೆ ಆ ಕಾಗದಕ್ಕಾಗಿ ಕೆಲಸ ಬಿಟ್ಟು ಓಡಾಡುವ ತಾಯಂದಿರನ್ನು ನಾಲ್ಕು ವರ್ಷ ನೋಡಿದ್ದೆ. ಶನಿವಾರ ಹೋದೆ.

ಮೇಜಿನ ಮೇಲೆ ಒಂಬತ್ತು ಫೈಲುಗಳಿದ್ದವು. ಮೊದಲನೆಯದು ಚಿಕ್ಕಬಾಣಾವರದ ಏಳು ವರ್ಷದ ಹುಡುಗಿಯದು. "ತೀವ್ರ ಬುದ್ಧಿಮಾಂದ್ಯತೆ" ಎಂದು ಹೊಸಬರು ದುಂಡಗೆ ಬರೆದಿದ್ದರು. ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು, ಆ ಕಾಗದಕ್ಕಾಗಿ ನಾಲ್ಕನೇ ಸಲ ರಜೆ ಹಾಕಿ ಮಗಳೊಂದಿಗೆ ಬಂದಿದ್ದಳು.

"ಹೋದ್ಸಲ ಎಷ್ಟೊತ್ತು ನೋಡಿದ್ರಮ್ಮ?" ಎಂದು ಕೇಳಿದೆ.

"ಹತ್ತ್ ನಿಮಿಷ ಮೇಡಂ. ಸಾರ್ ಮಾಸ್ಕ್ ಹಾಕ್ಕೊಂಡು ಏನೇನೋ ಕೇಳಿದ್ರು. ಇವ್ಳು ಒಂದಕ್ಕೂ ಬಾಯಿ ಬಿಡ್ಲಿಲ್ಲ. ಮನೇಲಿ ಉರ್ದು ಮಾತಾಡ್ತೀವಿ ಅಂದೆ. ಪರವಾಗಿಲ್ಲ ಅಂದ್ರು."

ನಾನು ಬಣ್ಣದ ಘನಗಳನ್ನು ಹುಡುಗಿಯ ಮುಂದೆ ಹರಡಿ, ಒಂದು ವಿನ್ಯಾಸ ಜೋಡಿಸಿ ತೋರಿಸಿದೆ. ಆಕೆ ತಕ್ಷಣ ಹಾಗೆಯೇ ಜೋಡಿಸಿದಳು. ಇನ್ನೂ ಕಷ್ಟದ್ದು ತೋರಿಸಿದೆ. ನಾಲಿಗೆ ಕಚ್ಚಿಕೊಂಡು ಅದನ್ನೂ ಮುಗಿಸಿದಳು. ಒಂದು ಘನ ಮೇಜಿನಡಿ ಬಿತ್ತು. ಬಗ್ಗಿ ಎತ್ತಿಕೊಳ್ಳುತ್ತಾ, ನನಗೆ ಬರುವಷ್ಟು ಉರ್ದುವಿನಲ್ಲಿ ಅವಳ ಹೆಸರು ಕೇಳಿದೆ. ಉತ್ತರವಿಲ್ಲ. ಮೇಲೆದ್ದಾಗ ಆಕೆ ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡುತ್ತಿದ್ದಳು. ಅವಳ ಹಿಂದೆ ಹೋಗಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ತಾಯಿ ಬೆಚ್ಚಿದಳು. ಮಗಳು ಘನಗಳನ್ನು ಜೋಡಿಸುತ್ತಲೇ ಇದ್ದಳು.

"ಇವಳ ಬುದ್ಧಿ ಚೆನ್ನಾಗೇ ಇದೆಯಮ್ಮ. ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ. ಇವತ್ತೇ ಪರೀಕ್ಷೆ ಮಾಡಿಸೋಣ."

ತಾಯಿ ಕೇಳಿದಳು: "ಮತ್ತೆ ಇಷ್ಟ್ ದಿನ ಮಾತ್ ಕೇಳಲ್ಲ ಅಂತ ನಾನು ಹೊಡೀತಿದ್ನಲ್ಲ ಮೇಡಂ?"

ಇಬ್ಬರನ್ನೂ ಕೆಳಗಿನ ಕಿವಿಯ ವಿಭಾಗಕ್ಕೆ ಕರೆದುಕೊಂಡು ಹೋದೆ. ಎರಡೂ ಕಿವಿ ಮಂದವೆಂದು ಅಲ್ಲಿ ಖಚಿತವಾಯಿತು.

ಒಂಬತ್ತೂ ಫೈಲು ಹಿಡಿದು ವೈದ್ಯಾಧಿಕಾರಿಗಳ ಕೋಣೆಗೆ ಹೋದಾಗ ಹೊಸಬರೂ ಅಲ್ಲಿದ್ದರು. ನಡೆದದ್ದನ್ನು ಹೇಳಿದೆ. ಹೊಸಬರು ಸ್ವಲ್ಪವೂ ಅಳುಕದೆ, "ಕಿವಿ ನಮ್ ಡಿಪಾರ್ಟ್‌ಮೆಂಟ್ ಅಲ್ವಲ್ಲ ಮೇಡಂ" ಎಂದರು. ವೈದ್ಯಾಧಿಕಾರಿಗಳು ಗಡಿಯಾರ ನೋಡಿ, "ಸರಿ, ಇದೊಂದ್ ಬಿಡಿ. ಮಿಕ್ಕಿದ್ ಎಂಟಕ್ಕೆ ಸೈನ್ ಹಾಕಿ" ಎಂದರು.

ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೂ ಎದುರಿನವರಲ್ಲಿ ಒಂದಿಷ್ಟು ಯೋಗ್ಯತೆ ಇರಬೇಕು. ಆ ಎಂಟು ವರದಿಗಳನ್ನೂ ಅಲ್ಲೇ ಅವರ ಮೇಜಿನ ಮೇಲಿಟ್ಟು, ಮುಂದಿನ ಮೂರು ಶನಿವಾರ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿ, ನಾನೇ ಹೊಸದಾಗಿ ಬರೆದೆ. ಸಹಿ ಹಾಕಿದ್ದು ಅವಕ್ಕೆ ಮಾತ್ರ.

ಆ ಹುಡುಗಿಗೆ ಕಿವಿಯ ಯಂತ್ರ ಸಿಕ್ಕಿತು. ಕುಕ್ಕರಿನ ಮೊದಲ ಸೀಟಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡಳೆಂದು ತಾಯಿ ಫೋನಿನಲ್ಲಿ ಹೇಳಿದಳು. ಈಗ ಶಾಲೆಗೆ ಹೋಗುತ್ತಾಳೆ.

ಹೊಸಬರ ಗುತ್ತಿಗೆ ನವೀಕರಣವಾಯಿತು. ಬುದ್ಧಿಮಾಂದ್ಯ ಮಕ್ಕಳನ್ನು ಗುರುತಿಸುವುದು ಹೇಗೆಂದು ಅವರೀಗ ಸುತ್ತಲಿನ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಾರೆ. ಪ್ರತಿ ಸಲವೂ ಅವರಿಗೊಂದು ಶಾಲು ಹೊದಿಸುತ್ತಾರಂತೆ.