ಡೈರಿಯಿಂದ ಹತ್ತು ನಿಮಿಷ

ಕುಂದೂರಿನ ಡೈರಿಗೆ ಸಂಜೆಯ ಹಾಲು ಹಾಕಿದ ಗಂಗಾಮಣಿ ನೇರವಾಗಿ ಮನೆಗೆ ಬರುತ್ತಿರಲಿಲ್ಲ. ಪಕ್ಕದ ಪಂಚಾಯಿತಿ ಲೈಬ್ರರಿಗೆ ನುಗ್ಗಿ, ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು, ಮನೆಗೆ ಒಯ್ಯಲು ಕೊಡದ ದಪ್ಪ ಇಂಗ್ಲಿಷ್ ನಿಘಂಟನ್ನು ತೆರೆಯುತ್ತಿದ್ದಳು. ಮನೆಯಲ್ಲಿ ಒಲೆ, ಕೊಟ್ಟಿಗೆ ಎರಡೂ ಕಾಯುತ್ತಿರುತ್ತಿದ್ದವು. ಸಿಗುತ್ತಿದ್ದುದು ಹತ್ತು ನಿಮಿಷ. ಅಷ್ಟರಲ್ಲಿ ಹಿಡಿಸುವುದು ಪುಟ್ಟ ಪದಗಳು ಮಾತ್ರ. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಮದುವೆಯಾದವಳು ಇಪ್ಪತ್ತಾರು ವರ್ಷದ ಮೇಲೆ ಹೀಗೆ ದಿನಕ್ಕೊಂದು ಪದ ಹೆಕ್ಕುವುದು ಮನೆಯಲ್ಲಿ ಯಾರಿಗೂ ತಿಳಿಯದು.

'ಈಕ್' ಎಂಬುದಕ್ಕೆ ಹಿಂದೆ ಹೆಚ್ಚಿಸುವುದು ಎಂಬ ಅರ್ಥವಿತ್ತಂತೆ. ಈಗ, ಇದ್ದುದರಲ್ಲೇ ಹೇಗೋ ಸರಿದೂಗಿಸುವುದು. ನೆಂಟರು ಬಂದಾಗ ಸಾರಿಗೆ ನೀರು ಬೆರೆಸುವುದಕ್ಕೂ ಒಂದು ಹೆಸರಿದೆಯಲ್ಲ ಎಂದು ನಗು ಬಂತು. 'ಓರ್ಟ್' ಓದಿದ ದಿನ ನಗು ಬರಲಿಲ್ಲ. ಮೊದಲು ದನ ತಿಂದು ಬಿಟ್ಟ ಮೇವು. ಆಮೇಲೆ ಮನುಷ್ಯರು ಉಂಡು ಬಿಟ್ಟ ಚೂರುಪಾರು. ಮಾರನೆಯ ಮಧ್ಯಾಹ್ನ ಗಂಡ ನಂಜುಂಡ, ಮಗ ಪ್ರವೀಣ್ ಉಂಡೆದ್ದ ಮೇಲೆ ಗಂಡನ ತಟ್ಟೆಯಲ್ಲಿ ಉಳಿದ ಅರ್ಧ ಮುದ್ದೆಗೆ ತಳದ ಸಾರು ಬಳಿದುಕೊಳ್ಳುವಾಗ, ಈ ಪದವನ್ನು ಯಾರಿಗಾದರೂ ಹೇಳಬೇಕೆನ್ನಿಸಿತು.

ಅಷ್ಟರಲ್ಲಿ ನಂಜುಂಡನೇ ಮಾತು ತೆಗೆದ. "ನಾಳೆಯಿಂದ ಹಾಲು ಪ್ರವೀಣನ ಬೈಕಲ್ಲಿ ಹೋಗ್ತೈತೆ. ಮಂಡಿ ನೋವು ಅಂತಿದ್ದೆಲ್ಲ, ಮನೇಲಿರು."

"ಬ್ಯಾಡ, ನಾನೇ ಹೋಗ್ತೀನಿ."

"ಯಾಕೆ? ಅಲ್ಲೇನೈತೆ?"

"ಲೈಬ್ರರೀಲಿ ಇಂಗ್ಲಿಷ್ ಪದ ಓದ್ತೀನಿ."

ಪ್ರವೀಣ್ ಕಿಸಕ್ಕೆಂದ. "ಯಾರ ಜೊತೆ ಮಾತಾಡಕ್ಕವ್ವಾ? ಹಸು ಜೊತೆನಾ?"

ಅವಳೂ ತನ್ನನ್ನು ಎಷ್ಟೋ ಸಲ ಅದನ್ನೇ ಕೇಳಿಕೊಂಡಿದ್ದಳು.

ಮರುದಿನ ಹಾಲು ಬೈಕಿನಲ್ಲಿ ಹೋಯಿತು. ಗಂಗಾಮಣಿ ಕೈಕಾಲು ತೊಳೆದು ಅದೇ ದಾರಿ ಹಿಡಿದಳು. ಕೈಯಲ್ಲಿ ಕ್ಯಾನಿದ್ದಷ್ಟು ವರ್ಷ ಯಾರೂ ಅವಳನ್ನು ತಡೆದು ಕೇಳಿರಲಿಲ್ಲ. ಬರಿಗೈಯಲ್ಲಿ ಹೊರಟ ಹೆಂಗಸು ಕಾರಣ ಹೇಳಬೇಕು.

"ಎಲ್ಲಿಗಕ್ಕಾ? ಯಾರಿಗಾದ್ರೂ ಉಷಾರಿಲ್ವಾ?" ಅಂಗಡಿ ಕಟ್ಟೆಯಿಂದ ಗಿಡ್ಡಯ್ಯ ಕೂಗಿದ.

"ಎಲ್ರೂ ಗಟ್ಟಿಯಾಗವ್ರೆ ಕಣಣ್ಣ. ಓದಕ್ಕೆ ಹೊಂಟೀನಿ."

"ಓದಕ್ಕಾ! ಪರೀಕ್ಷೆ ಯಾವಾಗವ್ವಾ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವಳ ಕಿವಿ ಬಿಸಿಯಾಯಿತು, ಆದರೂ ನಡಿಗೆ ನಿಲ್ಲಿಸಲಿಲ್ಲ.

ಡೈರಿಯ ಸಾಲಿನಲ್ಲಿ ಕಾಯುವುದು ತಪ್ಪಿದ್ದರಿಂದ ಅಂದು ಮುಕ್ಕಾಲು ಗಂಟೆ ಸಿಕ್ಕಿತು. ಲೈಬ್ರರಿ ನೋಡಿಕೊಳ್ಳುವ ಸುಮನಾ ಫೋನಿನಲ್ಲಿ ಮುಳುಗಿದ್ದಳು. ಒಂದು ಪದ ಮುಗಿಯಿತು. ಎರಡು, ಮೂರು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗಂಗಾಮಣಿ ಹಾಳೆ ತಿರುವಿ ನಾಲ್ಕನೆಯದನ್ನು ಹುಡುಕಿದಳು.