ಕಿವಿಗೊಟ್ಟವರಿಗೆ ಕೈಮುಗಿಯುವ ಮುನ್ನ

ಇವತ್ತು ಬೆಳಿಗ್ಗೆಯಿಂದ ನನ್ನ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ತೆಗೆದು ನೋಡಿದರೆ ಬರೀ ಜೋಡಿಸಿದ ಕೈಗಳು. ಹಳದಿ ಬಣ್ಣದ, ಮೊಣಕೈಯಿಲ್ಲದ, ಯಾರವೆಂದು ಗೊತ್ತಾಗದ ಕೈಗಳು. ನಾವು ಆಡುವ ಒಂದು ಆಟದ ಪುಸ್ತಕಗಳನ್ನು ಅಚ್ಚು ಹಾಕುವ, ಏಳು ಸಮುದ್ರದಾಚೆಯ ಸಣ್ಣ ಪ್ರಕಾಶನವೊಂದಕ್ಕೆ ಅದರ ಅಭಿಮಾನಿಗಳೆಲ್ಲ ಸೇರಿ ವಂದನೆ ಸಲ್ಲಿಸುತ್ತಿದ್ದರು. 'ನಮ್ಮ ಮಾತು ಕೇಳಿದಿರಿ, ಈ ಋಣ ಹೇಗೆ ತೀರಿಸುವುದು' ಎಂದು ಒಬ್ಬ. 'ಓದಿ ಕಣ್ಣು ತುಂಬಿ ಬಂತು' ಎಂದು ಇನ್ನೊಬ್ಬಳು. 'ಟೀಚರ್, ನೀವೂ ಎರಡು ಸಾಲು ಹಾಕ್ರಿ, ಶುರು ಆಗಿದ್ದೇ ನಿಮ್ಮ ಕಾಗದದಿಂದ' ಎಂದು ನಮ್ಮ ಶಿವು. ನಾನು ಹಾಕಲಿಲ್ಲ. ಮೈಯೆಲ್ಲ ಉರಿಯುತ್ತಿರುವಾಗ ಕೈ ಮುಗಿಯುವುದು ಹೇಗೆ ಹೇಳಿ?

ಉರಿಗೆ ಕಾರಣವಿತ್ತು. ನಾನು ಕೂತಿದ್ದದ್ದು ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯ ಹೊರಗಿನ ಬೆಂಚಿನ ಮೇಲೆ. ಯಾವ ಕಚೇರಿ ಎಂದು ಕೇಳಬೇಡಿ. ನೀವು ಯಾವ ಊರಿನವರಾದರೂ ಆ ಬೆಂಚಿನ ಮೇಲೆ ಒಮ್ಮೆ ಕೂತೇ ಇರುತ್ತೀರಿ. ಪಕ್ಕದಲ್ಲಿ ಹನುಮಕ್ಕ, ನನ್ನ ಗೆಳತಿ ರತ್ನಾಳ ತಾಯಿ. ಕಮಲಾಪುರದ ಕಡೆ ಹೋಗುವ ರಸ್ತೆಯ ಬದಿಯಲ್ಲಿ ಆಕೆಯದೊಂದು ಮಂಡಕ್ಕಿ ಒಗ್ಗರಣೆ-ಮಿರ್ಚಿ ಗಾಡಿ. ಅದನ್ನು ಅಲ್ಲಿಂದ ಎತ್ತಬೇಕೆಂದು ನೋಟೀಸು ಬಂದಿದೆ. ಹೇಳುವುದೇನಾದರೂ ಇದ್ದರೆ ಇವತ್ತು ಬಂದು ಹೇಳಬಹುದು ಎಂದಿದ್ದರು. ರತ್ನಾಳಿಗೆ ರಜೆ ಸಿಗಲಿಲ್ಲ, ನಾನು ಹೊರಟೆ. ಬಂದು ಕೂತು ಹೊತ್ತು ಏರಿದರೂ ಒಳಗಿನಿಂದ ಕರೆ ಇಲ್ಲ. ಹನುಮಕ್ಕ ಎಲೆಗೆ ಸುಣ್ಣ ಹಚ್ಚುತ್ತ ಆರಾಮಾಗಿದ್ದಳು. ನಾನು ಕಾಲು ಕುಣಿಸುತ್ತಿದ್ದೆ.

"ಟೀಚರವ್ವಾ, ಕಾಲು ಕುಣಸಬ್ಯಾಡ. ಬೆಂಚು ಅಳ್ಳಾಡಿ ನನ್ನ ಸುಣ್ಣ ಚೆಲ್ತೈತಿ."

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಗಾಬರಿಯಾಗಬಾರದು. 'ಸಿಟ್ಟಿನಾಗ ಕೊಯ್ದ ಮೂಗು ಶಾಂತಿಯಾಗ ಬರಂಗಿಲ್ಲ' ಎಂದು ನಮ್ಮಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಊರಲ್ಲಿ ಯಾರ ಮೂಗಿಗೂ ಇನ್ನೂ ಏನೂ ಆಗಿಲ್ಲ. ಆದರೆ ಕಂಪ್ಲಿ ಬಸ್ಸಿನ ಕಂಡಕ್ಟರುಗಳು ನನಗೆ ಚಿಲ್ಲರೆಯನ್ನು ಕೇಳದೆಯೇ ಕೊಡುತ್ತಾರೆ. ಕಂಪ್ಲಿಯ ಶಾಲೆಯಲ್ಲಿ ನಾನು ಇಂಗ್ಲಿಷು ಕಲಿಸುತ್ತೇನೆ. ಅಲ್ಲಿ ಮಕ್ಕಳು ನನಗೆ ಇಟ್ಟಿರುವ ಅಡ್ಡಹೆಸರು ನನಗೆ ಗೊತ್ತಿದೆ, ನಿಮಗೆ ಹೇಳುವುದಿಲ್ಲ.

ಇನ್ನು ಆಟ. ಅದು ಮೇಜಿನ ಸುತ್ತ ಕೂತು ಆಡುವ ಕಥೆಯಾಟ. ಒಬ್ಬರು ಕಥೆ ನಡೆಸುತ್ತಾರೆ, ಮಿಕ್ಕವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. 'ಬಾಗಿಲು ಮುಚ್ಚಿದೆ, ಏನು ಮಾಡ್ತೀಯ?' ಎಂದು ಕಥೆಗಾರ ಕೇಳಿದರೆ ಒದೆಯುತ್ತೀರೋ, ತಟ್ಟುತ್ತೀರೋ, ಕಿಟಕಿ ಹುಡುಕುತ್ತೀರೋ, ನಿಮಗೆ ಬಿಟ್ಟದ್ದು. ಆಯಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಆಟಕ್ಕೆ ಬೇಕಾದ ಊರು, ನಕ್ಷೆ, ಜನ ಎಲ್ಲವೂ ಪುಸ್ತಕದಲ್ಲಿ ಇರುತ್ತವೆ. ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡು ಉಕ್ಕಿನ ಕಾರ್ಖಾನೆಗೆ ಹೋಗುವ ಶಿವು ನಮ್ಮ ಕಥೆಗಾರ. ಎಂಜಿನಿಯರೊಬ್ಬರ ಆಫೀಸಿನಲ್ಲಿ ಮನೆಗಳ ಪ್ಲಾನು ಹಾಕುವ ರತ್ನಾ ಕಥೆಯೊಳಗೆ ವೈದ್ಯೆ. ನಾನು ಕಳ್ಳಿ. ಸಿಟ್ಟು ತಡೆಯಲಾರದೆ ಕಾವಲುಗಾರರ ಜೊತೆ ಜಗಳಕ್ಕೆ ಬಿದ್ದು ಹಲವು ಸಲ ಸತ್ತ ಕಳ್ಳಿ. ಭಾನುವಾರ ನಮ್ಮ ಮನೆಯಲ್ಲಿ ದಾಳದ ಸದ್ದು ಕೇಳಿ ಮನೆ ಮಾಲಕರು ಜೂಜಿನ ಅಡ್ಡೆ ಎಂದುಕೊಂಡರು. "ಟೀಚರ್ರಾಗಿ ಹಿಂಗ ಮಾಡ್ತೀರೇನ್ರಿ?" ಎಂದು ಮೆಟ್ಟಿಲು ಹತ್ತಿ ಬಂದವರು, ಮೇಜಿನ ಮೇಲೆ ದುಡ್ಡು ಕಾಣದೆ ನಿರಾಶರಾಗಿ ಚಹಾ ಕುಡಿದು ಇಳಿದು ಹೋದರು.

ಕೆಲವು ವರ್ಷಗಳ ಹಿಂದೆ ಶಿವು ಒಂದು ಹೊಸ ಪುಸ್ತಕ ತರಿಸಿದ. ಪಾಳುಬಿದ್ದ ಒಂದು ರಾಜಧಾನಿಯ ಕಥೆ. ಹೆಸರು ಬೇರೆ ಇಟ್ಟಿದ್ದರೂ ಚಿತ್ರ ನೋಡಿದ ಕೂಡಲೇ ಮೂವರೂ "ಲೇ, ನಮ್ಮ ಹಂಪಿ!" ಎಂದು ಕೂಗಿಕೊಂಡೆವು. ಗುಂಡುಗಲ್ಲಿನ ಗುಡ್ಡ, ಹೊಳೆ, ಗೋಪುರ, ಗೋಪುರದ ಮುಂದೆ ಉದ್ದಕ್ಕೆ ಕಲ್ಲುಮಂಟಪಗಳ ಬೀದಿ. ಎಂಥ ಖುಷಿ ಅಂತೀರಿ! ದೂರದ ದೇಶದವರ ಕಣ್ಣಿಗೆ ನಾವು ಬಿದ್ದೆವಲ್ಲ ಎಂದು ನಾನು ಪಕ್ಕದ ಮನೆಯವರಿಗೂ ತೋರಿಸಿ ಬಂದೆ.

ಆ ಭಾನುವಾರ ಹನುಮಕ್ಕ ಮಗಳ ಜೊತೆ ಬಂದು, ನಮ್ಮ ಹೊಸ್ತಿಲ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಶಿವು ಆ ಬೀದಿಯ ವಿವರಣೆಯನ್ನು ಓದಿ ಕನ್ನಡದಲ್ಲಿ ಹೇಳಿದ: ಈ ಬೀದಿ ಖಾಲಿ. ಮಂಟಪಗಳಲ್ಲಿ ಬಾವಲಿಗಳು ಬಿಟ್ಟರೆ ಯಾರೂ ಇಲ್ಲ. ಇಲ್ಲಿ ಸಿಕ್ಕಿದ್ದು ಸಿಕ್ಕವರಿಗೆ.

"ಯಾರೂ ಇಲ್ಲ ಅಂದ್ರ?" ಹನುಮಕ್ಕ ತಲೆಯೆತ್ತಿದಳು. "ನಾವೆಲ್ಲಾ ಎಲ್ಲಿ ಹೋದ್ವಿ ಅಂತ ಬರದಾರೇನು?"

ಶಿವು ಪುಟ ತಿರುಗಿಸಿದ. ಹಿಂದೆ, ಮುಂದೆ. ಎಲ್ಲೂ ಬರೆದಿರಲಿಲ್ಲ. ರತ್ನಾ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅವಳು ಹುಟ್ಟಿದ್ದೇ ಹಂಪಿ ಬಜಾರಿನ ಒಂದು ಮಂಟಪದಲ್ಲಿ. ಎರಡು ಕಂಬಗಳ ನಡುವೆ ಗೋಡೆ ಎಬ್ಬಿಸಿ ಮಾಡಿಕೊಂಡ ಮನೆ, ಮುಂದೆ ಹನುಮಕ್ಕನ ಒಲೆ, ಪ್ರವಾಸಿಗಳಿಗೆ ಚಹಾ, ಮಿರ್ಚಿ. ಬಜಾರಿನ ಮನೆಗಳನ್ನು ತೆರವು ಮಾಡಿದ ಕಾಲ ನಿಮಗೂ ನೆನಪಿರಬಹುದು. ಹಳೆಯ ಕಲ್ಲು ಉಳಿಯಬೇಕು ಎನ್ನುವುದರಲ್ಲಿ ನನಗೂ ಎರಡು ಮಾತಿಲ್ಲ, ಹನುಮಕ್ಕನಿಗೂ ಇಲ್ಲ. ಆದರೆ ಆಕೆಯನ್ನು ಕೂರಿಸಿಕೊಂಡು 'ಏನಮ್ಮ, ನಿನ್ನ ಮಾತೇನು?' ಎಂದು ಒಬ್ಬನೇ ಒಬ್ಬ ಕೇಳಲಿಲ್ಲ. ಆ ಜನ ಹೋಗಿದ್ದಾಯಿತು, ಈಗ ಒಂದು ಆಟದ ಪುಸ್ತಕವೂ ಅವರು ಇರಲೇ ಇಲ್ಲ ಎನ್ನುತ್ತಿತ್ತು. ಅವತ್ತು ಆಟ ಅಲ್ಲಿಗೇ ನಿಂತಿತು.

ನಾನು ಪ್ರಕಾಶನದವರಿಗೆ ಕಾಗದ ಬರೆದೆ. ಇಂಗ್ಲಿಷ್ ಟೀಚರು ಬಯ್ಯಲು ಕೂತರೆ ಕೇಳಬೇಕೇ? ಪಾಠದಲ್ಲಿ ಬಳಸಲು ಅವಕಾಶವೇ ಸಿಗದ ಎಲ್ಲ ದೊಡ್ಡ ಪದಗಳನ್ನೂ ಅದರಲ್ಲಿ ಸುರಿದೆ. ನಾಚಿಕೆಯಾಗಬೇಕು ಎಂದು ಆರಂಭದಲ್ಲಿ ಒಮ್ಮೆ, ನಡುವೆ ಒಮ್ಮೆ, ಸಹಿಯ ಮೇಲೆ ಒಮ್ಮೆ. ಕೊನೆಗೆ ಹನುಮಕ್ಕ ಕೇಳಿದ ಪ್ರಶ್ನೆಯನ್ನು ಹಾಗೇ ಬರೆದು ಕಳಿಸಿದೆ. ಉತ್ತರ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಬಂತು. ಅಲ್ಲಿಯ ಸಂಪಾದಕಿ ಬರೆದಿದ್ದಳು. ನೆಪ ಹೇಳಿರಲಿಲ್ಲ. ನಾವು ಚಿತ್ರ ನೋಡಿ ಬರೆದೆವು, ಯಾರನ್ನೂ ಕೇಳಲಿಲ್ಲ, ತಪ್ಪಾಯಿತು. ಆ ತಾಯಿ ಒಪ್ಪುವುದಾದರೆ ಬೀದಿಯಲ್ಲಿ ಯಾರು ಯಾರಿದ್ದರು ಎಂದು ಹೇಳುತ್ತಾರಾ ಎಂದು ಕೇಳಿದ್ದಳು. ಯಾರನ್ನಾದರೂ ಬೈದು, ಅವರು ತಿರುಗಿ ಬೈಯದೆ 'ಹೌದು' ಎಂದುಬಿಟ್ಟರೆ ಎಂಥ ಪೇಚು ನೋಡಿ! ಎರಡು ದಿನ ನಾನು ಯಾರ ಮೇಲೂ ರೇಗಲಿಲ್ಲ. ಶಾಲೆಯಲ್ಲಿ ಮಕ್ಕಳು ಜ್ವರವೇನೋ ಎಂದುಕೊಂಡರು.

ಮುಂದಿನ ಭಾನುವಾರ ಹನುಮಕ್ಕ ಬಂದಳು. ಮದುವೆಗೆ ಉಡುವ ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಬೆಳ್ಳುಳ್ಳಿ ಇಲ್ಲ. ಹೊಸ್ತಿಲ ಹತ್ತಿರ ಕೂರದೆ ಕುರ್ಚಿಯ ಮೇಲೆ ಕೂತಳು. ಮಧ್ಯಾಹ್ನ ಪೂರ್ತಿ ಹೇಳಿದಳು. ಪಕ್ಕದ ಮಂಟಪದ ಬಳೆಗಾರ್ತಿ, ಆಚೆಯ ಟೇಲರ್, ಯಾವ ಕಂಬದ ಹತ್ತಿರ ನೀರಿನ ಕೊಡ ಇಡುತ್ತಿದ್ದದ್ದು, ಮಳೆ ಬಂದರೆ ಯಾವ ಮೂಲೆ ಸೋರುತ್ತಿದ್ದದ್ದು, ಕೋತಿಗಳಿಗೆ ಹೆದರಿ ಹಿಟ್ಟಿನ ಡಬ್ಬಿಯ ಮೇಲೆ ಯಾವ ಕಲ್ಲು ಹೇರುತ್ತಿದ್ದದ್ದು. ರತ್ನಾ ನಕ್ಷೆ ಬರೆಯುತ್ತ ಹೋದಳು, ನಾನು ಇಂಗ್ಲಿಷಿಗೆ ತಂದೆ. ಸಂಪಾದಕಿ ಪ್ರತಿಯೊಂದನ್ನೂ ಓದಿ, ತನ್ನ ಮಾತಿನಲ್ಲಿ ತಿರುಗಿ ಬರೆದು ಕಳಿಸುತ್ತಿದ್ದಳು: ಅವರು ಹೇಳಿದ್ದು ಹೀಗೆ ಎಂದು ನಾನು ತಿಳಿದುಕೊಂಡೆ, ಸರಿಯಾ? ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹನುಮಕ್ಕ "ಅಲ್ಲ, ಒಲಿ ಎಡಕ್ಕ ಇತ್ತು ಅನ್ರಿ" ಎಂದು ತಿದ್ದಬೇಕು. ಸಂಪಾದಕಿ ಮತ್ತೆ ಬರೆದು ಕಳಿಸುತ್ತಿದ್ದಳು. ಹಲವು ವಾರ ಹೀಗೇ ನಡೆಯಿತು. ಪ್ರತಿ ವಾರವೂ ಹನುಮಕ್ಕ ಅದೇ ಸೀರೆ ಉಟ್ಟು ಬರುತ್ತಿದ್ದಳು.

ಎಲ್ಲ ಮುಗಿದ ದಿನ ಆಕೆ ಚಹಾದ ಲೋಟ ಕೆಳಗಿಟ್ಟು ಕೇಳಿದಳು. "ಮತ್ತ ಸರ್ವೇದೋರು ಯಾವಾಗ ಬರ್ತಾರ? ಮನಿ ಕೊಡೋದಾದ್ರ ಅದ್ನ ಕೊಡ್ಲಿ. ಬ್ಯಾರೆ ಮಂಟಪ ನಮಗ ಬ್ಯಾಡ."

ನೀವೇ ಹೇಳಿ, ಆಕೆ ಇನ್ನೇನು ತಿಳಿಯಬೇಕಿತ್ತು? ಒಲೆ ಎಡಕ್ಕೋ ಬಲಕ್ಕೋ ಎಂದು ಒಬ್ಬರು ಇಷ್ಟು ಆಸ್ಥೆಯಿಂದ ಕೇಳುತ್ತಿದ್ದಾರೆ ಎಂದರೆ, ಆ ಒಲೆಯನ್ನು ವಾಪಸು ಕೊಡಲಿಕ್ಕೇ ಇರಬೇಕು ಎಂದುಕೊಂಡಿದ್ದಳು. ಕೊನೆಗೆ ಹೇಳಿದವಳು ರತ್ನಾ.

"ಅವ್ವಾ, ಇದು ಆಟದ ಪುಸ್ತಕಕ್ಕ. ಮನಿಗಲ್ಲ."

"ಆಟದ್ದಾ?" ಹನುಮಕ್ಕ ಸೆರಗನ್ನು ಸರಿಮಾಡಿಕೊಂಡಳು. "ಆಟಕ್ಕ ಇಷ್ಟು ಕೇಳ್ತಾರ? ಮತ್ತ ಖರೇ ಮನಿ ತಗಿಯೋವಾಗ ಯಾಕ ಯಾರೂ ಏನೂ ಕೇಳಲಿಲ್ಲ?"

ಆ ಮಾತಿಗೆ ನನ್ನ ಹತ್ತಿರ ಅವತ್ತೂ ಇವತ್ತೂ ಇರುವುದು ಸಿಟ್ಟು ಮಾತ್ರ. ಹೊಸ ಮುದ್ರಣ ಬಂತು. ಬೀದಿ ತುಂಬ ಜನ. ಒಲೆ ಎಡಕ್ಕೇ ಇತ್ತು. ಅಲ್ಲಿಯವರನ್ನು ಕೇಳದೆ ಬೀದಿಯಿಂದ ಒಂದು ಕಲ್ಲನ್ನೂ ಎತ್ತುವ ಹಾಗಿಲ್ಲ ಎಂದು ಹೊಸ ನಿಯಮ. ಊರೂರಿನ ಆಟಗಾರರು ಮೆಚ್ಚಿ ಹೊಗಳಿದರು. ಈಗ ಪ್ರಕಾಶನದವರು, ಇನ್ನು ಮುಂದೆ ಯಾವ ಜಾಗದ ಬಗ್ಗೆಯೂ ಅಲ್ಲಿಯ ಜನರನ್ನು ಕೇಳದೆ ಪುಸ್ತಕ ಮಾಡುವುದಿಲ್ಲ ಎಂದು ಹೇಳಿದ್ದಾರೆ. ಇವತ್ತಿನ ಹಳದಿ ಕೈಗಳೆಲ್ಲ ಅದಕ್ಕೇ.

ಆ ಸಂಪಾದಕಿಯ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಪುಣ್ಯಾತ್ಮಳು, ಎಲ್ಲಿದ್ದರೂ ಚೆನ್ನಾಗಿರಲಿ. ನನ್ನ ಸಿಟ್ಟು ಈ ಕೃತಜ್ಞತೆಯ ಮೇಲೆ. ಒಬ್ಬರು ಕಿವಿಗೊಟ್ಟರು ಎಂದು ಕಣ್ಣೀರು ಹಾಕಬೇಕೇ? ಕಿವಿ ಇರುವುದು ಮತ್ತೇತಕ್ಕೆ, ಓಲೆ ಹಾಕಿಕೊಳ್ಳುವುದಕ್ಕಾ? ಹಸಿದವನಿಗೆ ತಂಗಳೂ ಹಬ್ಬದೂಟ ಅನ್ನಿಸುತ್ತದೆ, ನಿಜ. ಆದರೆ ಅಷ್ಟು ಹಸಿಯುವವರೆಗೆ ನಮ್ಮನ್ನು ಬಿಟ್ಟವರು ಯಾರು ಎಂದು ಒಬ್ಬರಾದರೂ ಕೇಳಬಾರದೇ? ಬೆಂಚಿನ ಮೇಲೆ ಕೂತು ಇದನ್ನೆಲ್ಲ ಹನುಮಕ್ಕನಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಕಚೇರಿಯ ಜವಾನ ಬಾಗಿಲಿನಿಂದ ಇಣುಕಿದ.

"ಪಾಪ, ಆ ಯಮ್ಮಗ ಒಂದು ನಮಸ್ಕಾರ ಹಾಕು," ಎಂದಳು ಹನುಮಕ್ಕ. "ನಾ ಹೇಳಿದ್ದನ್ನ ಇನ್ನೊಬ್ಬರ ಬಾಯಿಲೆ ನಾನು ಕೇಳಿದ್ದು ಅದ ಮೊದಲು. ಕೇಳಿಸ್ಕೊಳ್ಳೋದು ಅಂದ್ರ ಹೆಂಗಿರ್ತದ ಅಂತ ಅಲ್ಲೀತನಕ ನನಗ ಗೊತ್ತ ಇರಲಿಲ್ಲ."

ಅಷ್ಟರಲ್ಲಿ ನಮ್ಮನ್ನು ಕರೆದರು. ನಾನು ಮನೆಯಿಂದಲೇ ಭಾಷಣ ತಯಾರು ಮಾಡಿಕೊಂಡು ಬಂದಿದ್ದೆ. ಹೊಸ್ತಿಲು ದಾಟುವಾಗ ಆಕೆ ನನ್ನ ಮುಂಗೈ ಹಿಡಿದಳು. "ನೀ ಸುಮ್ನ ಕುಂದ್ರು. ಗಾಡಿ ನಂದು."

ಹನುಮಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ಹಂಪಿ ಬಜಾರಿನಿಂದ ಒಮ್ಮೆ ಎಬ್ಬಿಸಿದ್ದು, ಈ ರಸ್ತೆಗೆ ಬಂದದ್ದು, ಗಾಡಿಯನ್ನು ರಸ್ತೆಗೆ ತಾಗದಂತೆ ಬೇವಿನ ಮರದ ಹಿಂದಕ್ಕೆ ನಿಲ್ಲಿಸುವುದು, ಮುಂಜಾನೆ ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ಬುತ್ತಿ ಇಲ್ಲದ ದಿನ ಅಲ್ಲೇ ತಿಂದು ಹೋಗುವುದು, ತೆಗೆಯಲೇಬೇಕಾದರೆ ಮರದ ಆಚೆಯ ಬಯಲಿಗೆ ಸರಿಯಲು ತಾನು ತಯಾರಿರುವುದು. ಸಾಹೇಬರು ಒಂದರ ಮೇಲೊಂದು ಕಾಗದಕ್ಕೆ ಸಹಿ ಹಾಕುತ್ತ "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು. ಆಕೆಯ ಮಾತು ನಿಂತಿದ್ದು ಗೊತ್ತಾದ ಮೇಲೆ, ತಲೆಯೆತ್ತದೆ ಹೇಳಿದರು.

"ಆಯ್ತಮ್ಮ, ಎಲ್ಲಾ ಕೇಳಿದೀನಿ. ನೀನಿನ್ನು ಹೋಗು."

ನನ್ನ ರಕ್ತ ನೆತ್ತಿಗೇರಿತು. ಎದ್ದೇಬಿಟ್ಟೆ. ಹನುಮಕ್ಕ ಏಳಲಿಲ್ಲ.

"ಭಾಳ ಛಲೋ ಆತು ಸಾಹೇಬ್ರ. ನಾ ಏನು ಹೇಳಿದೆ, ನೀವು ಒಂದ್ಸಲ ಹೇಳ್ರಿ ನೋಡಾಣ. ತಪ್ಪಿದ್ರ ನಾ ತಿದ್ತೀನಿ."

ಸಾಹೇಬರು ಈಗ ತಲೆಯೆತ್ತಿದರು. ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಫ್ಯಾನು ನೋಡಿದ.

"ಅದೇ... ನಿನ್ನ ಗಾಡಿ..." ಎಂದರು ಸಾಹೇಬರು.

"ಹ್ಞಾಂ, ಗಾಡಿ. ಗಾಡಿ ಏನು?"

ಸಾಹೇಬರು ಮುಂದಿದ್ದ ಕಾಗದಗಳನ್ನು ತಿರುವಿದರು. ಜವಾನ ಬಾಗಿಲಲ್ಲೇ ನಿಂತಿದ್ದ. ಹೊರಗೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಅವನ ಹಿಂದೆ ಬಂದು ನಿಂತರು. ಕೂಗಬೇಕೆಂದು ಬಂದ ನಾನು ಬಾಯಿ ಮುಚ್ಚಿಕೊಂಡು ಕೂತೆ.

"ಇರ್ಲಿ ಬಿಡ್ರಿ," ಎಂದು ಹನುಮಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಮತ್ತ ಮೊದಲಿಂದ ಹೇಳ್ತೀನಿ. ಆ ಪೆನ್ನು ಕೆಳಗ ಇಡ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು.