ಸೂರತ್‌ನಲ್ಲಿ ಒಬ್ಬರು ಕೇಳುತ್ತಾರೆ

ಬೆಳಗಿನ ಐದು ಗಂಟೆ. ಅಹಮದಾಬಾದಿನ ಮಣಿನಗರ ಸ್ಟೇಷನ್ನಿಗೆ ಹತ್ತಿರದ ಉಡುಪಿ ಹೋಟೆಲೊಂದರ ಹಿಂಬಾಗಿಲು ತೆರೆದಿದೆ. ಒಳಗೆ ಸಂದೀಪ್ ದೇವಾಡಿಗ ವಡೆಗೆ ಉದ್ದು ರುಬ್ಬುತ್ತಿದ್ದಾರೆ. ಗ್ರೈಂಡರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಮಾತಾಡಲು ಅಲ್ಲಿ ಯಾರೂ ಇಲ್ಲ. ಬೆರಳಿನಲ್ಲಿ ಒಂದಿಷ್ಟು ಹಿಟ್ಟು ತೆಗೆದು ನೀರಿನ ಬಟ್ಟಲಿಗೆ ಬಿಡುತ್ತಾರೆ. ತೇಲುತ್ತದೆ, ಅಂದರೆ ಹದವಾಗಿದೆ. ಗ್ರೈಂಡರ್ ನಿಲ್ಲಿಸಿ, ಕೈ ತೊಳೆದು, ಮೊಬೈಲ್ ತೆಗೆಯುತ್ತಾರೆ.

ಅವರು ನೋಡುವುದು ಒಂದೇ ಪುಟ. ನಿನ್ನೆ ತಮ್ಮ ಹಾಡನ್ನು ಯಾವ ಊರಿನಲ್ಲಿ ಎಷ್ಟು ಜನ ಕೇಳಿದರು ಎಂಬ ಪಟ್ಟಿ.

ಸಂದೀಪ್ ಅವರಿಗೆ ಮೂವತ್ತೇಳು. ಹೆಬ್ರಿಯಿಂದ ಬಂದು ಹನ್ನೊಂದು ವರ್ಷ. ಮದುವೆಯಾಗಿಲ್ಲ. ಬೆಳಿಗ್ಗೆ ಹನ್ನೆರಡು ಕಿಲೊ ಉದ್ದು, ಸಂಜೆ ಇಡ್ಲಿ, ದೋಸೆಗೆ ಐವತ್ತು ಕಿಲೊ ಅಕ್ಕಿ ರುಬ್ಬುತ್ತಾರೆ. ಅದೇ ಸದ್ದಿನಲ್ಲಿ ನಿಂತು ಬಲಗಿವಿ ಮಂದವಾಗಿದೆ. ಮೊದಲು ಅಡುಗೆಮನೆಯಲ್ಲಿ ಆರು ಮಂದಿ ಕನ್ನಡದವರಿದ್ದರು. ಈಗ ಇವರೊಬ್ಬರನ್ನು ಬಿಟ್ಟರೆ ಎಲ್ಲರೂ ರಾಜಸ್ಥಾನದವರು. ಕನ್ನಡಕ್ಕೆ ಉಳಿದಿರುವುದು ಮಾಲೀಕ ರಾಮಚಂದ್ರ ರಾವ್ ಮತ್ತು ಕ್ಯಾಷಿಯರ್ ಶರತ್. ಅವರಿಬ್ಬರೂ ಮುಂದಿನ ಕೌಂಟರಿನಲ್ಲಿ, ಇವರು ಹಿಂದೆ.

"ಗ್ರೈಂಡರಿಗೆ ಒಂದು ತಾಳ ಉಂಟಲ್ಲ, ಅದಕ್ಕೆ ಸುಮ್ಮನೆ ಏನಾದ್ರೂ ಹೇಳ್ತಾ ಇದ್ದೆ. ಯಾರಿಗೂ ಕೇಳುದಿಲ್ಲ, ಹಾಗಾಗಿ ನಾಚಿಕೆಯೂ ಇಲ್ಲ," ಎನ್ನುತ್ತಾರೆ.

ಹಾಗೆ ಹುಟ್ಟಿದ ಹಾಡನ್ನು ಕಳೆದ ನವೆಂಬರಿನಲ್ಲಿ, ಮಧ್ಯಾಹ್ನ ಹೋಟೆಲು ಮುಚ್ಚಿರುವ ಹೊತ್ತಿನಲ್ಲಿ, ಉಗ್ರಾಣದಲ್ಲಿ ಕೂತು ರೆಕಾರ್ಡ್ ಮಾಡಿದರು. ಅಕ್ಕಿ ಮೂಟೆಗಳ ನಡುವೆ ಹಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ ಎಂದು ಅವರೇ ಕಂಡುಕೊಂಡರು. ಒಂದು ಹಳೇ ಗಿಟಾರು, ತಾಳಕ್ಕೆ ಇಡ್ಲಿ ಪಾತ್ರೆಯ ಮುಚ್ಚಳ. ಶರತ್ ಅದನ್ನು ಹಾಡು ಕೇಳುವ ಆ್ಯಪ್ ಒಂದಕ್ಕೆ ಅಪ್‌ಲೋಡ್ ಮಾಡಿದರು. ‘ಎರಡು ನಿಮಿಷದ ಸ್ಟೇಷನ್’ ಮೂರು ನಿಮಿಷದ ಪಾಪ್ ಹಾಡು. ಅದ್ಭುತವೇನಲ್ಲ. ಒಂದೇ ಕಿವಿಯಲ್ಲಿ ಕೇಳಿ ಮಾಡಿದ್ದರಿಂದ ಗಿಟಾರೆಲ್ಲ ಒಂದು ಬದಿಗೆ ಬಿದ್ದಿದೆ. ಆದರೆ ‘ನೀನು ಇಳಿಯುವ ಊರಲ್ಲ ಇದು, ಆದರೂ ಕಿಟಕಿ ತೆರೆ’ ಎಂದು ದನಿ ತಗ್ಗುವಲ್ಲಿ ಕೇಳುವವರೂ ಸುಮ್ಮನಾಗುತ್ತಾರೆ.

ಮಾಲೀಕರು ಹಾಗೇನೂ ಸುಮ್ಮನಾಗಲಿಲ್ಲ. "ಹಾಡುಗಾರರೇ, ಹಿಟ್ಟು ಹುಳಿಯಾದ್ರೆ ಗಿರಾಕಿಗಳು ವನ್ಸ್‌ಮೋರ್ ಅನ್ನುದಿಲ್ಲ, ನೆನಪಿರ್ಲಿ," ಎಂದರು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಅವರ ಮಗಳು ಮೇಘನಾ, "ನೈಸ್ ಅಂಕಲ್, ಮತಲಬ್ ಏನು?" ಎಂದು ಕೇಳಿದಳು.

ಪಟ್ಟಿಯಲ್ಲಿ ಅಹಮದಾಬಾದಿನ ಸಂಖ್ಯೆ ಒಂದು ದಿನ ನಾಲ್ಕು, ಇನ್ನೊಂದು ದಿನ ಒಂಬತ್ತು. ಅದೆಲ್ಲ ಹೋಟೆಲಿನವರದೇ ಮೊಬೈಲು. ಅದರ ಕೆಳಗೆ ‘ಸೂರತ್: 1’. ಡಿಸೆಂಬರಿನಿಂದ ಮೇ ಕೊನೆಯವರೆಗೆ ಒಂದು ದಿನವೂ ತಪ್ಪಿರಲಿಲ್ಲ. ಸೂರತ್‌ನಲ್ಲಿ ಸಂದೀಪ್ ಅವರಿಗೆ ಪರಿಚಯದವರು ಒಬ್ಬರೂ ಇಲ್ಲ.

ಜೂನ್ ಮೊದಲ ವಾರ ಆ ಸಾಲು ಮಾಯವಾಯಿತು. ಮರುದಿನವೂ ಇಲ್ಲ. ಹನ್ನೊಂದು ದಿನ ಸಂದೀಪ್ ಗಿಟಾರು ಮುಟ್ಟಲಿಲ್ಲ. ಬರೆಯುತ್ತಿದ್ದ ಎರಡನೇ ಹಾಡನ್ನು ಅರ್ಧಕ್ಕೇ ಬಿಟ್ಟರು. "ಯಾರಿಗೆ ಬರೆಯುದು? ಒಬ್ರಾದ್ರೂ ಬೇಕಲ್ಲ ಮಾರಾಯ್ರೆ."

ಹನ್ನೆರಡನೆಯ ಬೆಳಿಗ್ಗೆ ಪಟ್ಟಿಯಲ್ಲಿ ಹೊಸ ಊರು ಇತ್ತು. ‘ವಡೋದರಾ: 1’.

"ವರ್ಗ ಆದದ್ದು!" ಎನ್ನುತ್ತಾರೆ ಸಂದೀಪ್. "ಬ್ಯಾಂಕಿನವರೋ ರೈಲ್ವೆಯವರೋ ಇರ್ಬೇಕು. ಸಾಮಾನು ಬಿಚ್ಚಿ, ಗ್ಯಾಸ್ ಬಂದು, ಮಕ್ಕಳ ಶಾಲೆ ಆಗಿ, ಆಮೇಲೆ ಅಲ್ವಾ ಹಾಡು?"

ಅದು ಬೇರೆ ಯಾರೋ ಆಗಿರಬಹುದಲ್ಲ ಎಂದರೆ ಅವರು ವಾದಿಸುವುದಿಲ್ಲ. "ಇರಬಹುದು. ಆದ್ರೆ ಸೂರತ್ ಮತ್ತೆ ಬರ್ಲಿಲ್ಲ." ಎರಡನೇ ಹಾಡು ಈಗ ಮುಕ್ಕಾಲು ಮುಗಿದಿದೆ.

ಚಹಾ ಲೋಟ ಹಿಡಿದು ಬಂದ ಶರತ್ ಕೆಣಕುತ್ತಾರೆ: "ಮುಂದಿನ ವರ್ಗ ಅಹಮದಾಬಾದಿಗೇ, ನೋಡ್ತಾ ಇರು. ನಿನ್ನದೇ ಹಿಟ್ಟಿನ ದೋಸೆ ತಿಂದು ಹೋಗ್ತಾರೆ."

ಸಂದೀಪ್ ನಗುವುದಿಲ್ಲ. ಸಂಜೆಗೆ ಅಕ್ಕಿ ಅಳೆಯುತ್ತ ಹೇಳುತ್ತಾರೆ:

"ಬೇಡ ಮಾರಾಯ. ಇಲ್ಲಿಗೆ ಬಂದ್ರೆ ನಮ್ಮವರ ಸಂಖ್ಯೆಯಲ್ಲಿ ಸೇರಿ ಹೋಗ್ತಾರೆ. ಕೇಳಿದ್ರಾ ಇಲ್ವಾ ಅಂತ ನಂಗೆ ಗೊತ್ತೇ ಆಗುದಿಲ್ಲ. ವಡೋದರಾದಲ್ಲೇ ಇರ್ಲಿ."